‘ಕತ್ತಲಾದರೆ ಲೈಟ್ ಇದೆ’ ಎಂದು ಬರೆದ ಅಳಿಯನಿಗೆ

ಧಾರವಾಡ,
ಬಲಿಪಾಡ್ಯಮಿ

ಚಿರಂಜೀವಿ ಪುಟ್ಟುವಿಗೆ ನಿನ್ನ ಮಾಮಾನ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಕಾಗದವನ್ನು ಪಕ್ಕದ ಮನೆಯ ಹುಡುಗಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದುಕೊಟ್ಟಳು. ಹೊಸ ಸೈಕಲ್ಲಿನ ಬೆಲೆ ಓದಿ ನಿನ್ನ ಮಾಮಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು. ಆಸ್ಪತ್ರೆಯ ವಿಷಯ, ಹಳೆಯ ಮನೆಯ ಕಾಗದಪತ್ರಗಳ ವಿಷಯ ಅಮ್ಮ ನಿನಗೆ ಹೇಳಿಯೇ ಇರುತ್ತಾಳೆ, ನಾನು ಅದಕ್ಕೆ ಕೈ ಹಾಕುವುದಿಲ್ಲ. ಅಮೇರಿಕದ ಯೂಟಾದಲ್ಲಿ ಕಣಿವೆಯ ಅಂಚಿನ ಕಚ್ಚಾ ದಾರಿಯನ್ನು ಸೈಕಲ್ಲಿನಲ್ಲಿ ಸುತ್ತುವ ಬಗ್ಗೆ ಮೂರನೆಯ ಪುಟದ ಕೆಳಗೆ ನೀನು ಬರೆದ ಒಂದು ಸಾಲಿಗಾಗಿ ಈ ಕಾಗದ. ‘ವೈಟ್ ರಿಮ್ ಪೂರ್ತಿ ಸುತ್ತನ್ನು ಒಂದೇ ದಿನದಲ್ಲಿ ಮುಗಿಸುವ ಯೋಚನೆ, ಕತ್ತಲಾದರೆ ಲೈಟ್ ಇದೆ.’

ಈ ಸಾಲನ್ನು ನೀನು ಎಷ್ಟು ಹಗುರವಾಗಿ ಬರೆದಿದ್ದೀಯೋ ಅಷ್ಟೇ ಭಾರವಾಗಿ ಅದು ನನ್ನ ಮೇಲೆ ಬಿದ್ದಿದೆ. ಹಬ್ಬದ ಊಟ ಸರಿಯಾಗಿ ಇಳಿಯಲಿಲ್ಲ. ಮಾಮಿ ಕಾರಣ ಕೇಳಿದಳು, ಹೋಳಿಗೆ ಹೆಚ್ಚಾಯಿತು ಎಂದೆ.

ನೀನು ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಸಾಲ್ಟ್ ಲೇಕ್ ಸಿಟಿಯಿಂದ ನಾಲ್ಕು ಗಂಟೆ ಕಾರು ಓಡಿಸಿದರೆ ಮೊಯಾಬ್ ಸಿಗುತ್ತದೆ ಎಂದು ನೀನು ಬರೆದಾಗ ನನಗೆ ಹೊಟ್ಟೆಕಿಚ್ಚು ಆದದ್ದು ನಿಜ. ಆ ಊರಿನ ಸುತ್ತಲಿನ ಕಲ್ಲುಗಳ ಹೆಸರನ್ನು ನಾನು ವಿಶ್ವವಿದ್ಯಾಲಯದಲ್ಲಿ ಬಾಯಿಪಾಠ ಮಾಡಿದವನು. ವಿಂಗೇಟ್, ಕಯೆಂಟಾ, ನವಾಹೊ. ಕೆಂಪು ಗೋಡೆಗಳ ಆ ಚಿತ್ರ ನಮ್ಮ ಪುಸ್ತಕದಲ್ಲಿ ಕಪ್ಪು ಬಿಳುಪಿನಲ್ಲಿತ್ತು. ನಂತರ ನಾನು ಕೆಲಸ ಮಾಡಿದ ಜೈಸಲ್ಮೇರಿನ ಲಾಠಿ ಮರಳುಗಲ್ಲು ಕೂಡ ಹೆಚ್ಚುಕಡಿಮೆ ಅದೇ ಜುರಾಸಿಕ್ ಕಾಲದ್ದು. ಅಲ್ಲಿ ಆಕಲ್ ಎಂಬಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಇವತ್ತು ಹನಿ ನೀರಿಗೆ ಪರದಾಡುವ ನೆಲದಲ್ಲಿ ಆಗ ಅಷ್ಟು ದೊಡ್ಡ ಕಾಡು. ಅದರ ಮೇಲೆ ಕೈಯಿಟ್ಟು ನಿಂತಾಗ, ಇದರ ವಾರಿಗೆಯ ಕಲ್ಲನ್ನು ಅಮೇರಿಕದಲ್ಲಿ ಒಂದು ದಿನ ನೋಡಬೇಕು ಅಂದುಕೊಂಡಿದ್ದೆ. ನಿನ್ನ ಅಮ್ಮ ಅಲ್ಲಿಗೆ ಬಂದ ವರ್ಷ ನನಗೂ ಟಿಕೆಟ್ ತೆಗೆಸುತ್ತೇನೆ ಎಂದಿದ್ದಳು, ಮೊಣಕಾಲಿನ ನೆಪ ಹೇಳಿ ನಾನೇ ತಪ್ಪಿಸಿಕೊಂಡೆ. ನಿಜವಾದ ಕಾರಣ ನಿನಗೆ ಗೊತ್ತಿದೆ, ಬಿಡು.

ಕತ್ತಲೆಯ ಮಾತಿಗೆ ಬರುತ್ತೇನೆ.

ಆ ಸುತ್ತು 100 ಮೈಲಿ, ಅಂದರೆ 160 ಕಿಲೋಮೀಟರ್. ನಿನ್ನ ಅಂದಾಜು ಹನ್ನೆರಡು ಗಂಟೆ. ಆ ಅಂದಾಜನ್ನು ನೀನು ಅಕ್ಟೋಬರ್ ಮಧ್ಯದಲ್ಲಿ ಮಾಡಿದ್ದೀಯ, ಸಂಜೆ ಆರೂವರೆಯವರೆಗೆ ಸೂರ್ಯ ಇರುವ ದಿನಗಳಲ್ಲಿ. ನವೆಂಬರಿನ ಮೊದಲ ಭಾನುವಾರ ನಿಮ್ಮಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರಲ್ಲ, ಅದನ್ನು ಲೆಕ್ಕಕ್ಕೆ ಹಿಡಿದಂತೆ ಕಾಣಲಿಲ್ಲ. ನೀನು ಹೇಳುವ ವಾರದಲ್ಲಿ ಅಲ್ಲಿ ಬೆಳಿಗ್ಗೆ ಸುಮಾರು ಏಳಕ್ಕೆ ಸೂರ್ಯೋದಯ, ಸಂಜೆ ಐದಕ್ಕೆ ಸೂರ್ಯಾಸ್ತ. ಹತ್ತು ಗಂಟೆಯ ಹಗಲಿಗೆ ಹನ್ನೆರಡು ಗಂಟೆಯ ದಾರಿ. ಉಳಿದ ಎರಡು ಗಂಟೆಯನ್ನು ನೀನು ಲೈಟಿನ ಖಾತೆಗೆ ಬರೆದುಬಿಟ್ಟಿದ್ದೀಯ. ಕಣಿವೆಯೊಳಗೆ ಗೋಡೆಗಳ ನೆರಳು ಸೂರ್ಯಾಸ್ತಕ್ಕೆ ಎಷ್ಟೋ ಮೊದಲೇ ಬೀಳುತ್ತದೆ, ಹಾಗಾಗಿ ಎರಡು ಎಂಬುದು ಎರಡೇ ಆಗಿ ಉಳಿಯುವುದೂ ಅನುಮಾನ. ಪಂಚಾಂಗ ತೆಗೆದು ನೋಡಿದೆ. ನಿನ್ನ ಶನಿವಾರ ಅಮಾವಾಸ್ಯೆಯ ಬೆನ್ನಿಗೇ ಬರುತ್ತದೆ, ಬೆಳದಿಂಗಳ ಆಸೆಯೂ ಇಲ್ಲ. ಇದನ್ನು ಓದಿ ನೀನು ನಗುತ್ತೀಯ. ನಗು.

ಆ ಎರಡು ಗಂಟೆ ದಾರಿಯ ಯಾವ ಭಾಗದಲ್ಲಿ ಬರುತ್ತವೆ ಎಂಬುದನ್ನು ನೋಡು. ಶೇಫರ್ ಇಳಿಜಾರಿನಿಂದ ಇಳಿದು, ಮರ್ಫಿ ಹಾಗ್‌ಬ್ಯಾಕ್ ಎಂಬ ದಿಣ್ಣೆ ದಾಟಿ, ಹಾರ್ಡ್‌ಸ್ಕ್ರ್ಯಾಬಲ್ ದಿಣ್ಣೆ ಹತ್ತಿ, ಗ್ರೀನ್ ನದಿಯ ದಂಡೆಯ ಮರಳಿನಲ್ಲಿ ಸೈಕಲ್ ತಳ್ಳಿ, ಮೈಯ ಬಲವೆಲ್ಲ ಇಂಗಿದ ಮೇಲೆ ಮಿನರಲ್ ಬಾಟಮ್ಮಿನ ಹಿಮ್ಮುರಿ ತಿರುವುಗಳು ಬರುತ್ತವೆ. ಸುಮಾರು ಸಾವಿರ ಅಡಿಯ ಏರು. ಕತ್ತಲೆ ನಿನಗೆ ಸಿಗುವುದು ಅಲ್ಲಿ, ದಾರಿಯ ಮೊದಲಲ್ಲಿ ಅಲ್ಲ. ನದಿಯ ತಗ್ಗಿನಲ್ಲಿ ತಣ್ಣನೆಯ ಗಾಳಿ ಇಳಿದು ನಿಲ್ಲುತ್ತದೆ. ಮಧ್ಯಾಹ್ನ ಒಂದೇ ಅಂಗಿಯಲ್ಲಿ ಬೆವರಿದವನಿಗೆ ಸಂಜೆ ಆರಕ್ಕೆ ಹಲ್ಲು ಕಟಕಟ ಎನ್ನುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವುದೂ ಉಂಟು. ಅಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕುವಂತೆಯೂ ಇಲ್ಲ, ಅದು ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ನಿಯಮ.

ಇನ್ನೊಂದು ಸಂಗತಿಯನ್ನು ಕಲ್ಲು ಓದಿದವನಾಗಿ ಹೇಳುತ್ತೇನೆ. ಆ ದಾರಿಗೆ ಹೆಸರು ಕೊಟ್ಟದ್ದು ಅದು ಹಾಯ್ದುಹೋಗುವ ಬಿಳಿ ಮರಳುಗಲ್ಲಿನ ಪದರ. ಅದು ಗಟ್ಟಿ. ಅದರ ಕೆಳಗಿರುವ ಕೆಂಪು ಪದರ ಮೆತ್ತಗಿನದು, ಸವೆದು ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಆದ್ದರಿಂದ ಎಷ್ಟೋ ಕಡೆ ಬಿಳಿ ಕಲ್ಲಿನ ಅಂಚು ಕೆಳಗೆ ಆಧಾರವಿಲ್ಲದೆ ಮುಂದಕ್ಕೆ ಚಾಚಿ ನಿಂತಿರುತ್ತದೆ. ಮಸಲ್‌ಮನ್ ಕಮಾನು ಎಂದು ನೀನು ಫೋಟೊ ಕಳುಹಿಸಿದ್ದೆಯಲ್ಲ, ಅದು ಹಾಗೆಯೇ ಆದದ್ದು. ಹಗಲಿನಲ್ಲಿ ಅಂಚು ಕಾಣುತ್ತದೆ, ಏಕೆಂದರೆ ಅದರಾಚೆಯ ಕಣಿವೆಯೂ ಕಾಣುತ್ತದೆ. ರಾತ್ರಿ ನಿನ್ನ ಲೈಟು ಬಿಳಿ ಕಲ್ಲನ್ನು ತೋರಿಸುತ್ತದೆ, ಅದು ಮುಗಿದ ಮೇಲೆ ಏನನ್ನೂ ತೋರಿಸುವುದಿಲ್ಲ. ಅಲ್ಲಿ ಬೆಳಕು ತಾಗಿ ಮರಳಲು ಏನೂ ಇರುವುದಿಲ್ಲ. ಆ ಕಪ್ಪು ಬರೀ ನೆರಳೋ, ಮುನ್ನೂರು ಅಡಿಯ ಆಳವೋ ಎಂದು ತೀರ್ಮಾನಿಸಬೇಕಾದವನು ಇಡೀ ದಿನ ತುಳಿದು ದಣಿದವನು.

ಯೂಟಾದ ಕಣಿವೆಯಲ್ಲಿ ಬಂಡೆಗೆ ಸಿಕ್ಕಿಬಿದ್ದು ತನ್ನ ಕೈ ತಾನೇ ಕತ್ತರಿಸಿಕೊಂಡು ಬದುಕಿ ಬಂದ ಆ ಹುಡುಗನ ಕಥೆಯನ್ನು ನಾನು ಎತ್ತುವುದಿಲ್ಲ. ಅದನ್ನು ಕೇಳಿ ಕೇಳಿ ನಿನಗೆ ಸಾಕಾಗಿರಬೇಕು. ನನ್ನದು ಬೇರೆ ಕಥೆ, ಯಾವ ಪತ್ರಿಕೆಯಲ್ಲೂ ಬಂದದ್ದಲ್ಲ. ನಿನ್ನ ಅಮ್ಮನಿಗೆ ಅದರ ಅರ್ಧ ಮಾತ್ರ ಗೊತ್ತು.

ಪೋಖರಣದ ಸ್ಫೋಟವಾಗಿ ಮುಂದಿನ ಚಳಿಗಾಲ. ಲಾಠಿ ಎಂಬ ಊರಿನ ಆಚೆ ಕೊಳವೆಬಾವಿ ಕೊರೆಯುವ ನಮ್ಮ ಕ್ಯಾಂಪು. ಡೇರೆಗಳು, ಒಂದು ಜೀಪು, ಒಂದು ರಿಗ್ಗು, ಎಲ್ಲರಿಗೂ ಸೇರಿ ಒಂದು ಸೈಕಲ್ಲು. ಕನ್ನಡ ಬಲ್ಲವರು ನಾವು ಇಬ್ಬರೇ, ನಾನು ಮತ್ತು ವಿಜಾಪುರದ ಕಡೆಯ ಒಬ್ಬ ಹೆಲ್ಪರ್ ಹುಡುಗ. ಜೀಪು ಜೋಧಪುರಕ್ಕೆ ಹೋಗಿತ್ತು. ವಾರದಿಂದ ಟಪಾಲು ಬಂದಿರಲಿಲ್ಲ. ಮಧ್ಯಾಹ್ನ ಕೆಲಸ ಮುಗಿಸಿ ಅವನು ಸೈಕಲ್ ತೆಗೆದ, ಟಪಾಲು ಕಚೇರಿಗೆ ಹೋಗಿ ಬರುತ್ತೇನೆ ಎಂದ. ಹೊತ್ತಾಗಿದೆಯಲ್ಲೋ ಎಂದೆ. ಮೂರು ಸೆಲ್ಲಿನ ಟಾರ್ಚನ್ನು ಎತ್ತಿ ತೋರಿಸಿ ಅವನು ಹೇಳಿದ ಮಾತು ನಿನ್ನ ಮಾತೇ. ‘ಕತ್ತಲಾದರೆ ಟಾರ್ಚ್ ಐತಲ್ಲರಿ ಸಾಹೇಬರ.’

ಈಗ ತಿಳಿಯಿತೇ, ನಾನು ಊಟ ಬಿಟ್ಟದ್ದು ಯಾಕೆಂದು.

ಏಳಾಯಿತು, ಎಂಟಾಯಿತು. ಪೆಟ್ರೊಮ್ಯಾಕ್ಸ್ ಹೊತ್ತಿಸಿ ರಿಗ್ಗಿನ ಕಂಬದ ಮೇಲೆ ಎಷ್ಟು ಎತ್ತರಕ್ಕೆ ಏರಿಸಲು ಸಾಧ್ಯವೋ ಅಷ್ಟು ಏರಿಸಿದೆವು. ಖಾಲಿ ಡ್ರಮ್ಮನ್ನು ಕಬ್ಬಿಣದ ಸರಳಿನಿಂದ ಬಾರಿಸಿದೆವು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಹುಡುಕಲು ಹೊರಟವರನ್ನು ಅಡುಗೆಯ ಮುದುಕ ತಡೆದ. ಆ ಊರಿನವನು, ಅವನ ಮಾತು ಮೀರುವಂತಿರಲಿಲ್ಲ. ಬೆಳಿಗ್ಗೆ ನೀರಿನ ಬಕೆಟ್ಟಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಹುಡುಗ ಸಿಕ್ಕಿದ್ದು ಖೇಜಡಿ ಮರದ ಕೆಳಗೆ, ನಮ್ಮ ಕಡೆ ದಸರೆಯಲ್ಲಿ ಪೂಜಿಸುವ ಬನ್ನಿಯೇ ಅದು. ಸೈಕಲ್ಲಿನ ಎರಡೂ ಚಕ್ರ ಪಂಕ್ಚರ್. ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದ. ಕರೆದರೆ ತಿರುಗಿ ನೋಡಿದ, ಮಾತು ಹೊರಡಲಿಲ್ಲ. ಅಲ್ಲಿಂದ ನಮ್ಮ ಡೇರೆಗಳಿಗೆ ಅರ್ಧ ಕಿಲೋಮೀಟರ್ ಕೂಡ ಇರಲಿಲ್ಲ.

ಬದುಕಿದ. ಎರಡು ದಿನ ಬಿಟ್ಟು ಚಹಾ ಕುಡಿಯುತ್ತ ಹೇಳಿದ್ದನ್ನು ನಾನು ಹಲವು ಸಲ ಯೋಚಿಸಿದ್ದೇನೆ. ಟಾರ್ಚ್ ಹಚ್ಚಿಕೊಂಡೇ ನಡೆದನಂತೆ. ಎದುರಿಗೆ ಒಂದು ಗುಂಡನೆಯ ಮರಳು, ಅದರಾಚೆ ಏನೂ ಇಲ್ಲ. ಟಾರ್ಚ್ ಆರಿಸಿ ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಂತಿದ್ದರೆ ದಿಬ್ಬದ ಮೇಲಿಂದ ನಮ್ಮ ಪೆಟ್ರೊಮ್ಯಾಕ್ಸು ಕಾಣುತ್ತಿತ್ತು. ಆದರೆ ಕೈಯಲ್ಲಿರುವ ದೀಪವನ್ನು ಆರಿಸಲು ಯಾರಿಗೆ ಧೈರ್ಯ ಬರುತ್ತದೆ? ಸೆಲ್ಲು ಮುಗಿಯುವವರೆಗೂ ಹಚ್ಚಿದ್ದ. ಮುಗಿದ ಹೊತ್ತಿಗೆ ಅವನು ದಿಬ್ಬದ ಆಚೆ ಮಗ್ಗುಲಿಗೆ ಇಳಿದಾಗಿತ್ತು. ಟಾರ್ಚೇ ಇಲ್ಲದಿದ್ದರೆ ಅವನು ಟಪಾಲು ಕಚೇರಿಯ ಜಗಲಿಯ ಮೇಲೆಯೇ ಮಲಗಿ ಬೆಳಿಗ್ಗೆ ಬರುತ್ತಿದ್ದ. ನನಗೆ ಲೈಟಿನ ಬಗ್ಗೆ ಇರುವ ತಕರಾರು ಇಷ್ಟೇ. ಅದು ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲು ಬಿಡುವುದಿಲ್ಲ.

ಅವನ ಅಂಗಿಯೊಳಗೆ ಕ್ಯಾಂಪಿನ ಟಪಾಲಿತ್ತು, ಒದ್ದೆಯಾಗದಂತೆ ಬನಿಯನ್ನಿಗೆ ಒತ್ತಿ ಇಟ್ಟುಕೊಂಡಿದ್ದ. ಅದರಲ್ಲಿ ನಿನ್ನ ಅಮ್ಮ ನನಗೆ ಬರೆದ ಇನ್‌ಲ್ಯಾಂಡ್ ಲೆಟರೂ ಇತ್ತು. ಯಾವ ಕಾಗದ ಎಂದು ಅವಳನ್ನೇ ಕೇಳು, ಅವಳಿಗೆ ನೆನಪಿರುತ್ತದೆ. ಅವನಿಗೆ ಊರಿನಿಂದ ಏನೂ ಬಂದಿರಲಿಲ್ಲ.

ಅವನ ಬೆರಳುಗಳು ಸರಿಹೋಗಲಿಲ್ಲ. ಸಂಜೆಯಾದರೆ ಡೇರೆಯಿಂದ ಹೊರಗೆ ಬರುತ್ತಿರಲಿಲ್ಲ. ತಿಂಗಳೊಳಗೆ ಕೆಲಸ ಬಿಟ್ಟ. ಊರಿನಿಂದ ಕಾರ್ಡು ಬರೆದಿದ್ದ, ಯಾರದೋ ಕೈಯಿಂದ ಬರೆಸಿದ ಅಕ್ಷರ. ನಾನು ಉತ್ತರ ಬರೆಯಲಿಲ್ಲ. ಏನು ಬರೆಯುವುದು ಎಂದು ತೋಚದೆ ನಾಳೆ ನಾಡಿದ್ದು ಎನ್ನುತ್ತ ಬೇಸಿಗೆ ಬಂತು, ವರ್ಗವಾಯಿತು. ಅವನ ಊರಿನ ಮೇಲೆ ಬಸ್ಸಿನಲ್ಲಿ ಹಾದುಹೋಗಿದ್ದೇನೆ, ಇಳಿದಿಲ್ಲ. ನಿನ್ನ ಕಾಗದಕ್ಕೆ ಅದೇ ದಿನ ಉತ್ತರ ಬರೆಯಲು ಕೂತದ್ದಕ್ಕೆ ಇದೂ ಒಂದು ಕಾರಣವಿರಬೇಕು.

ನಿನ್ನ ಲೈಟು ಆ ಟಾರ್ಚಿನಂತಹುದಲ್ಲ, ಗೊತ್ತು. ಸಾವಿರಾರು ಲೂಮೆನ್ ಎಂದು ಬರೆದಿದ್ದೀಯ. ಆದರೆ ಲಿಥಿಯಂ ಬ್ಯಾಟರಿ ಚಳಿಯಲ್ಲಿ ಸೊರಗುತ್ತದೆ, ಬೆಚ್ಚಗಿನ ಕೋಣೆಯಲ್ಲಿ ಕೊಡುವಷ್ಟು ಗಂಟೆ ಅದು ಹೊರಗೆ ಕೊಡುವುದಿಲ್ಲ. ಬೇಕಾದರೆ ಒಂದು ರಾತ್ರಿ ನಿನ್ನ ಮನೆಯ ಹಿತ್ತಲಿನಲ್ಲಿ ಹಚ್ಚಿಟ್ಟು ನೋಡು. ಹೆಚ್ಚಿನ ಬ್ಯಾಟರಿಯನ್ನು ಚೀಲದಲ್ಲಿ ಇಡಬೇಡ, ಒಳಗಿನ ಅಂಗಿಯ ಜೇಬಿನಲ್ಲಿ ಮೈಯ ಕಾವಿಗೆ ಇರಲಿ. ಹ್ಯಾಂಡಲ್ಲಿಗೆ ಒಂದಿದ್ದರೆ ತಲೆಗೂ ಒಂದಿರಲಿ. ಇದನ್ನೆಲ್ಲ ಹೇಳಿ ನಾನೇ ನಿನ್ನನ್ನು ಕತ್ತಲೆಗೆ ಸಜ್ಜು ಮಾಡುತ್ತಿದ್ದೇನೆಯೇ ಎಂದು ಅಳುಕು. ಅದಕ್ಕಾಗಿ ಹೇಳುತ್ತಿರುವುದಲ್ಲ.

ಮುಳ್ಳಿನ ವಿಷಯ. ಅಲ್ಲಿ ಸೈಕಲ್ಲಿನವರು ಗೋಟ್‌ಹೆಡ್ ಎಂದು ಬೈಯುವ ಮುಳ್ಳು ನಮ್ಮ ಹೊಲದ ನೆಗ್ಗಿಲು ಮುಳ್ಳೇ, ಅದೇ ಗಿಡ. ಚಿಕ್ಕವನಿದ್ದಾಗ ನಿನ್ನ ಕಾಲಿನಿಂದ ನಾನೇ ಎಷ್ಟು ತೆಗೆದಿಲ್ಲ! ಟೈರಿನೊಳಗೆ ದ್ರವ ಹಾಕಿಸಿದ್ದೇನೆ, ರಂಧ್ರ ತಾನೇ ಮುಚ್ಚುತ್ತದೆ ಎಂದು ಬರೆದಿದ್ದೀಯ, ಒಳ್ಳೆಯದು. ಕಲ್ಲಿಗೆ ತಾಗಿ ಪಕ್ಕ ಸೀಳಿದರೆ ಆ ದ್ರವ ಏನೂ ಮಾಡುವುದಿಲ್ಲ ಎಂದು ನಮ್ಮ ಸೈಕಲ್ ಅಂಗಡಿಯವನು ಹೇಳಿದ. ಒಂದು ಟ್ಯೂಬು ಜೊತೆಗಿರಲಿ. ಹಗಲಿನಲ್ಲಿ ಹತ್ತು ನಿಮಿಷದ ಕೆಲಸವನ್ನು ಕತ್ತಲೆಯಲ್ಲಿ, ಮರಗಟ್ಟಿದ ಬೆರಳುಗಳಿಂದ ಮಾಡುವ ಸಮಯ ಎಷ್ಟು? ಆ ಸಮಯ ನಿನ್ನ ಹನ್ನೆರಡು ಗಂಟೆಯಲ್ಲಿ ಎಲ್ಲೂ ಇಲ್ಲ.

ಮಳೆ ಬಂದಿದ್ದರೆ ಹೋಗಲೇಬೇಡ. ಚಿನ್ಲೆ ಪದರದ ಜೇಡಿ ನೀರು ಕುಡಿದರೆ ಉಬ್ಬಿ, ನವಲಗುಂದದ ಎರೆಹೊಲದಲ್ಲಿ ಚಕ್ಕಡಿ ಹೂತಂತೆ ಚಕ್ರವನ್ನೇ ಹಿಡಿದುಬಿಡುತ್ತದೆ. ಕುಡಿಯುವ ನೀರು ಆ ಕಣಿವೆಯ ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ, ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಉದ್ಯಾನದವರೇ ಹೇಳುತ್ತಾರೆ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ನೀರು ಹುಡುಕುವುದೇ ಹೊಟ್ಟೆಪಾಡಾಗಿದ್ದವನಿಗೆ ಹೇಳದೆ ಇರಲಾಗುವುದಿಲ್ಲ. ದಾರಿ ಬಿಟ್ಟು ಇಳಿಯಬೇಡ. ಅಲ್ಲಿನ ನೆಲದ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಹೊರಪದರ ಜೀವವಿರುವಂಥದು, ಒಮ್ಮೆ ತುಳಿದರೆ ಚೇತರಿಸಿಕೊಳ್ಳಲು ದಶಕಗಳು ಬೇಕು. ಕತ್ತಲೆಯಲ್ಲಿ ಎಲ್ಲಿ ಕಾಲಿಡುತ್ತೀಯ ಎಂದು ನಿನಗೇ ತಿಳಿಯುವುದಿಲ್ಲ.

ನೋಡು, ಯಾವ ಮಾತು ತೆಗೆದರೂ ತಿರುಗಿ ಅಲ್ಲಿಗೇ ಬರುತ್ತಿದ್ದೇನೆ.

ಹುಡುಗಿಯ ಮೊಬೈಲಿನಲ್ಲಿ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದೆ. ನನಗೆ ಹೆಚ್ಚು ಚಿಂತೆಯಾದದ್ದು ಅದು ಸುತ್ತು ಎಂಬ ಕಾರಣಕ್ಕೆ. ಹೋಗಿ ಬರುವ ದಾರಿಯಾದರೆ ಸಾಕೆನಿಸಿದಲ್ಲಿ ತಿರುಗಬಹುದು. ಇಲ್ಲಿ ಮರ್ಫಿ ದಿಣ್ಣೆ ದಾಟಿದ ಮೇಲೆ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ. ಡಾಂಬರು ರಸ್ತೆ ಇರುವುದು ಸಾವಿರಕ್ಕೂ ಹೆಚ್ಚು ಅಡಿ ಮೇಲೆ, ನಡುವೆ ವಿಂಗೇಟ್ ಗೋಡೆ. ಫೋನೂ ಬಹುಪಾಲು ಸಿಗುವುದಿಲ್ಲವಂತೆ. 1950ರ ದಶಕದಲ್ಲಿ ಅಲ್ಲಿನ ಅಣುಶಕ್ತಿ ಆಯೋಗ ಆ ದಾರಿ ಮಾಡಿಸಿದ್ದು ಯುರೇನಿಯಂ ಹುಡುಕುವವರ ಲಾರಿಗಳಿಗೆ. ಅವರಿಗೆ ಅಲ್ಲಿ ಹೇಳಿಕೊಳ್ಳುವಷ್ಟು ಸಿಗಲಿಲ್ಲ, ಅದು ಬೇರೆ ಮಾತು. ಅವರು ಡೇರೆ ಹಾಕಿ ದಿನಗಟ್ಟಲೆ ಇರುತ್ತಿದ್ದವರು. ನಿನಗೆ ಮಾತ್ರ ಒಂದೇ ದಿನದಲ್ಲಿ ಮುಗಿಯಬೇಕು.

ಒಂದೇ ದಿನ ಯಾಕೆ? ನಿನ್ನ ಕಾಗದವನ್ನು ಎರಡು ಸಲ ಓದಿದರೂ ಕಾರಣ ಸಿಗಲಿಲ್ಲ. ನಿನ್ನ ಗೆಳೆಯ ಹಾಗೆ ಮಾಡಿದ್ದಾನೆ ಎಂದಷ್ಟೇ ಇದೆ. ಅವನು ಮಾಡಿದ್ದು ಮೇ ತಿಂಗಳಲ್ಲಿ ಎಂದೂ ನೀನೇ ಬರೆದಿದ್ದೀಯ. ಮೇ ತಿಂಗಳ ಹಗಲು ಅಲ್ಲಿ ಹದಿನಾಲ್ಕು ಗಂಟೆ, ಪುಟ್ಟು. ಹಿಂದೆ ಸಾಮಾನು ಹೊತ್ತ ಗಾಡಿ ಇಟ್ಟುಕೊಂಡು, ಎರಡು ರಾತ್ರಿ ತಂಗಿ ಹೋಗುವವರೇ ಹೆಚ್ಚೆಂದು ಹುಡುಗಿ ಓದಿ ಹೇಳಿದಳು. ಅದಕ್ಕೆ ರಾತ್ರಿ ತಂಗುವ ಪರವಾನಗಿ ಬೇಕಂತೆ, ನಿನ್ನ ಬಳಿ ಇರುವುದು ಒಂದು ದಿನದ್ದು. ಸಿಗದಿದ್ದರೆ ಶೇಫರ್ ಇಳಿದು ಆ ಕಮಾನಿನವರೆಗೆ ಹೋಗಿ ಬಂದ ದಾರಿಯಲ್ಲೇ ಮರಳಿ ಹತ್ತು, ಬೇಗ ಹೊರಟರೆ ಹಗಲಿನಲ್ಲೇ ಆಗುತ್ತದೆ. ಪೂರ್ತಿ ಸುತ್ತನ್ನು ವಸಂತಕ್ಕೆ ಇಟ್ಟುಕೋ. ಇದನ್ನು ಓದಿ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ನಿನ್ನ ವಯಸ್ಸಿನಲ್ಲಿ ನನಗೆ ಯಾರಾದರೂ ಅರ್ಧ ದಾರಿ ಸಾಕು ಎಂದಿದ್ದರೆ ನಾನೂ ಕೇಳುತ್ತಿರಲಿಲ್ಲ.

ಅಷ್ಟಾದರೂ ಹೋಗುವುದೇ ಆದರೆ, ಕತ್ತಲೆಯನ್ನು ಬೆಳಿಗ್ಗೆಯ ಕಡೆಗೆ ಹಾಕಿಕೋ. ನಾಲ್ಕಕ್ಕೆ ಎದ್ದು, ಮೇಲಿನ ಡಾಂಬರು ರಸ್ತೆಯ ಭಾಗವನ್ನು ಲೈಟಿನಲ್ಲಿ ಮುಗಿಸು. ಆ ಕತ್ತಲೆ ಕಾಯುವವನಿಗೆ ಕರಗುತ್ತ ಹೋಗುತ್ತದೆ, ಮೈಯಲ್ಲಿ ಬಲವೂ ಇರುತ್ತದೆ. ಶೇಫರ್ ಇಳಿಯುವುದು ಮಾತ್ರ ಬೆಳಕು ಹರಿದ ಮೇಲೆ. ಮರ್ಫಿ ದಿಣ್ಣೆಯ ತಲೆಗೆ ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ರಾತ್ರಿ ಕಳೆಯುವುದಕ್ಕೇ ಸಿದ್ಧವಾಗಿ ಮುಂದೆ ಹೋಗು: ಉಣ್ಣೆಯ ಬಟ್ಟೆ, ಮೈಗೆ ಸುತ್ತಿಕೊಳ್ಳುವ ಆ ಬೆಳ್ಳಿ ಹಾಳೆ, ತಿನ್ನಲು ಏನಾದರೂ. ನಿಲ್ಲುವುದಕ್ಕೆ ನಾಚಿಕೆ ಬೇಡ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣ ಬಾಡಿಗೆಗೂ ಸಿಗುತ್ತದಂತೆ. ಹಣ ಬೇಕಾದರೆ ನಾನು ಕೊಡುತ್ತೇನೆ, ಅಮ್ಮನಿಗೆ ಹೇಳಬೇಡ. ಇಬ್ಬರೂ ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲೇ ಇರಿ, ಗೆಳೆಯ ನಿನಗಿಂತ ವೇಗದವನು ಎಂಬುದೂ ನಿನ್ನ ಕಾಗದದಲ್ಲಿದೆ.

ಒಂದು ಹಾಳೆಯ ಮೇಲೆ ಯಾವ ಜಾಗಕ್ಕೆ ಎಷ್ಟು ಗಂಟೆಗೆ ಮುಟ್ಟುತ್ತೀರಿ ಎಂದು ಹೊಸ ಗಡಿಯಾರದ ಪ್ರಕಾರ ಬರೆದು ನನಗೆ ಕಳುಹಿಸು. ಪಂಕ್ಚರಿಗೆ ಒಂದು ಗಂಟೆ, ಮರಳಿನಲ್ಲಿ ತಳ್ಳುವುದಕ್ಕೆ ಒಂದು ಗಂಟೆ ಸೇರಿಸಿ ಬರೆ. ನಿಮ್ಮ ಸಂಜೆ ಐದು ಇಲ್ಲಿ ಮರುದಿನದ ಬೆಳಗಿನ ಐದೂವರೆ. ನೀವು ಕಾರಿನ ಹತ್ತಿರ ಬಂದು ಫೋನ್ ಸಿಕ್ಕ ತಕ್ಷಣ ನನಗೆ ಒಂದು ಸಾಲು ಹಾಕು, ಅಮ್ಮನಿಗೆ ನಾನು ತಿಳಿಸುತ್ತೇನೆ. ಹಾಳೆ ಈ ಭಾನುವಾರದೊಳಗೆ ಬರಲಿ. ಸೋಮವಾರ ಹುಡುಗಿ ಪರೀಕ್ಷೆಗೆಂದು ಹುಬ್ಬಳ್ಳಿಗೆ ಹೋಗುತ್ತಾಳೆ, ಆಮೇಲೆ ನನಗೆ ಮೊಬೈಲಿನಲ್ಲಿ ಫೋಟೊ ತೆರೆದು ಓದಿ ಹೇಳುವವರು ಯಾರೂ ಇರುವುದಿಲ್ಲ.

ನಿನ್ನ ಮಾಮಾ